ಕರಟದ ಜೋಕಾಲಿ, ಸೀಬೆ ಕೊಂಬೆ, ಒಂದು ತುಂಡು ಜಿಐ ವೈರ್

ನಮ್ಮ ರೂಮಲ್ಲಿ ನಾವು ಮೂರು ಜನ, ಜೊತೆಗೆ ಎರಡು ಬಡ್ಜಿ. ನೋಡಿದವರೆಲ್ಲ ಲವ್ ಬರ್ಡ್ಸ್ ಅಂತಾರೆ. ಆದ್ರೆ ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಬಡ್ಜಿ ಆಸ್ಟ್ರೇಲಿಯಾದ್ದು. ಪಂಜರದ ಜೊತೆ ಬಂದಿದ್ದು ಎರಡು ಪ್ಲಾಸ್ಟಿಕ್ ಕಡ್ಡಿ ಮಾತ್ರ. ಅಂಗಡಿಯಲ್ಲಿ ಜೋಕಾಲಿ ರೇಟ್ ಕೇಳಿ ಸುಮ್ಮನೆ ವಾಪಸ್ ಬಂದ್ವಿ. ಇಂಜಿನಿಯರಿಂಗ್ ಓದ್ತಾ ಇದ್ದೀವಿ, ಇಷ್ಟು ಮಾಡಕ್ಕಾಗಲ್ವಾ?

ಮೊದಲು ಕೂರುವ ಕಡ್ಡಿ ಬದಲಾಯಿಸಿದ್ವಿ. ಪ್ಲಾಸ್ಟಿಕ್ ಕಡ್ಡಿ ಉದ್ದಕ್ಕೂ ಒಂದೇ ದಪ್ಪ, ಹಾಗಾಗಿ ಹಕ್ಕಿಯ ಭಾರವೆಲ್ಲ ದಿನವಿಡೀ ಪಾದದ ಅದೇ ಜಾಗದ ಮೇಲೆ ಬೀಳುತ್ತೆ. ಕ್ರಮೇಣ ಅಲ್ಲಿ ಹುಣ್ಣಾಗಬಹುದು. ಮರದ ಕೊಂಬೆ ಒಂದು ಕಡೆ ತೆಳು, ಇನ್ನೊಂದು ಕಡೆ ದಪ್ಪ ಇರೋದ್ರಿಂದ ಹಿಡಿತ ಬದಲಾಗ್ತಾ ಇರುತ್ತೆ. ಬಡ್ಜಿಗೆ ಸುಮಾರು 1ರಿಂದ 2 ಸೆಂ.ಮೀ. ದಪ್ಪ ಸಾಕು. ನಾವು ತಂದಿದ್ದು ಔಷಧಿ ಹೊಡೆಯದ ಸೀಬೆ ಮರದ ಕೊಂಬೆ. ಚೆನ್ನಾಗಿ ಉಜ್ಜಿ ತೊಳೆದು, ಬಿಸಿನೀರು ಹಾಕಿ, ಬಿಸಿಲಲ್ಲಿ ಪೂರ್ತಿ ಒಣಗಿಸಿದ್ವಿ. ತೊಗಟೆ ತೆಗೀಬೇಡಿ, ಅದನ್ನ ಸಿಪ್ಪೆ ಸಿಪ್ಪೆಯಾಗಿ ಕಿತ್ತು ಹಾಕೋದೇ ಅವಕ್ಕೆ ಆಟ. ಕಣಗಿಲೆ ಕೊಂಬೆ ಮಾತ್ರ ಹತ್ತಿರಕ್ಕೂ ತರಬೇಡಿ, ವಿಷ. ಇನ್ನೊಂದು, ನೀರಿನ ಬಟ್ಟಲ ಮೇಲೆ ಕೊಂಬೆ ಕಟ್ಟಬೇಡಿ. ಯಾಕೆ ಅಂತ ಮೊದಲ ದಿನವೇ ಗೊತ್ತಾಯ್ತು.

ಜೋಕಾಲಿಗೆ ಮೆಸ್ಸಿನಿಂದ ಅರ್ಧ ತೆಂಗಿನ ಕರಟ ಸಿಕ್ತು. ಒಳಗಿನ ಕಾಯಿ ಕೆರೆದು, ಅಂಚನ್ನ ಉಪ್ಪುಕಾಗದದಿಂದ ತಿಕ್ಕಿ, ಮೂರು ತೂತು ಕೊರೆದ್ವಿ. ತೂಗುಹಾಕೋಕೆ ಪಕ್ಕದ ರೂಮಿನವನು ಜಿಐ ವೈರ್ ಕೊಟ್ಟ. ಫ್ರೀ ಅಂತ ಖುಷಿಯಾಗಿ ಕಟ್ಟಿದ್ವಿ. ನಮ್ಮ ದೊಡ್ಡ ತಪ್ಪು ಅದೇ.

ಸ್ವಲ್ಪ ದಿನಕ್ಕೆ ನೀಲಿ ಬಡ್ಜಿ ಗರಿ ಉಬ್ಬಿಸಿಕೊಂಡು ಮೂಲೇಲಿ ಕೂತುಬಿಡ್ತು. ಕಾಳು ಮುಟ್ಟಲಿಲ್ಲ, ಹಿಕ್ಕೆ ನೀರಾಗಿತ್ತು. ಡಾಕ್ಟರು ಮೊದಲು ಕೇಳಿದ್ದೇ, 'ಪಂಜರದಲ್ಲಿ ಏನು ವೈರ್ ಹಾಕಿದ್ದೀರಪ್ಪಾ?' ಅಂತ. ಜಿಐ ಅಂದ್ರೆ ಕಬ್ಬಿಣದ ಮೇಲೆ ಸತುವಿನ ಲೇಪನ. ತುಕ್ಕು ತಡೆಯುತ್ತೆ ಅಂತ ಪರೀಕ್ಷೆಯಲ್ಲಿ ಅರ್ಧ ಪುಟ ಬರೆದವರು ನಾವು. ಹಕ್ಕಿ ಅದನ್ನ ಕಚ್ಚಿ ಕಚ್ಚಿ ನುಂಗುತ್ತೆ ಅಂತ ಯೋಚಿಸಲೇ ಇಲ್ಲ. ಬಡ್ಜಿ ತೂಕ ಹೆಚ್ಚೂಕಮ್ಮಿ 30-40 ಗ್ರಾಂ. ಅಷ್ಟು ಚಿಕ್ಕ ಮೈಗೆ ಒಂದು ಚೂರು ಸತುವೂ ದೊಡ್ಡ ಡೋಸ್. ಸೋಲ್ಡರಿಂಗ್ ಮಾಡಿದ ಜೋಡಣೆಯೂ ಬೇಡ, ಸೋಲ್ಡರಿನಲ್ಲಿ ಸೀಸ ಇರಬಹುದು. ಔಷಧಿ, ಓಡಾಟ ಸೇರಿ ಖರ್ಚಾದ ದುಡ್ಡಲ್ಲಿ ಅಂಗಡಿಯ ಜೋಕಾಲಿ ನಾಲ್ಕೈದು ಬರ್ತಿತ್ತು. ಪುಣ್ಯಕ್ಕೆ ಹಕ್ಕಿ ಉಳೀತು.

ಈಗ ಕರಟ ತೂಗುತ್ತಿರೋದು ಸ್ಟೇನ್‌ಲೆಸ್ ಸ್ಟೀಲ್ ತಂತಿಯಲ್ಲಿ. ತುದಿಗಳನ್ನ ಪಂಜರದ ಹೊರಗೆ ಮಡಚಿದ್ದೀವಿ. ಹಗ್ಗ ಕಟ್ಟೋದಾದ್ರೆ ಎಳೆ ಬಿಚ್ಚಿಕೊಂಡಿದೆಯಾ ಅಂತ ದಿನಾ ನೋಡಿ, ಉಗುರು ಸಿಕ್ಕಿಹಾಕಿಕೊಂಡ್ರೆ ಕಾಲೇ ಹೋಗುತ್ತೆ. ಕೊತ್ತಂಬರಿ ಸೊಪ್ಪನ್ನ ಬಟ್ಟೆ ಕ್ಲಿಪ್ಪಿನಿಂದ ಪಂಜರದ ಹೊರಗಿಂದ ಸಿಕ್ಕಿಸ್ತೀವಿ, ಅದನ್ನ ಎಳೆದು ತಿನ್ನೋದ್ರಲ್ಲೇ ಅವಕ್ಕೆ ಬೆಳಗ್ಗೆ ಕಳೆಯುತ್ತೆ. ನೀಲಿ ಹಕ್ಕಿ ಕರಟದಲ್ಲೇ ಮಲಗುತ್ತೆ. ಹಸಿರಿಗೆ ಇನ್ನೂ ಅದನ್ನ ಕಂಡ್ರೆ ಭಯ.