ಭೀಮೆಯ ಮೀನು ಕಾವೇರಿಗೆ ಹೋದಾಗ

ರಾಗಿ ಮುದ್ದೆ ಮೀನಿಗೂ ಇಷ್ಟ! ರೊಟ್ಟಿ ಉಣ್ಣುವ ಅತನೂರು ಸೀಮೆಯ ಮಕ್ಕಳಿಗೆ ಇದು ತಮಾಷೆ ಎನಿಸೀತು. ಆದರೆ ಶಿವನಸಮುದ್ರದ ಕೆಳಗಿನ ಕಾವೇರಿ ಕಾಡಿನಲ್ಲಿ ಗಾಳ ಹಾಕುವವರು ಬಳಸುತ್ತಿದ್ದ ಎರೆ ಇದೇ. ಅವರ ಕಣ್ಣು ಮಹಶೀರ್ ಮೇಲೆ. ಹೊಳೆಯ ಜನ ಅದನ್ನು ‘ಬಿಳಿ ಮೀನು’ ಎನ್ನುತ್ತಾರೆ.

ನೀರು ಇಳಿದು ಬಂಡೆ ಕಾಣುವ ತಿಂಗಳುಗಳಲ್ಲಿ ಬೆಂಗಳೂರಿನಿಂದ, ಇಂಗ್ಲೆಂಡಿನಿಂದ ಹವ್ಯಾಸಿಗಳ ತಂಡಗಳು ಅಲ್ಲಿಗೆ ಬರುತ್ತಿದ್ದವು. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ ಅವರ ಬಿಡಾರಗಳು. ಹರಿಗೋಲು ನಡೆಸಲು, ಮೀನಿನ ಜಾಡು ಹೇಳಲು ಸ್ಥಳೀಯರೇ ಬೇಕು. ಹಿಡಿದ ಮೀನನ್ನು ತಿನ್ನುವಂತಿಲ್ಲ. ತೂಕ ನೋಡಿ, ಪುಸ್ತಕದಲ್ಲಿ ಬರೆದು, ಮತ್ತೆ ಹೊಳೆಗೆ ಬಿಡಬೇಕು.

ಮೈಸೂರು ಸೀಮೆಯಲ್ಲಿ ಈ ಹವ್ಯಾಸ ಹಳೆಯದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ಅಂದರೆ ಸುಮಾರು 54 ಕಿಲೋ, ಒಬ್ಬ ಆಳಿನ ತೂಕ! ಅದು ಕಾವೇರಿ ಸೀಮೆಗೇ ಮೀಸಲಾದ ಡುಬ್ಬದ ಮಹಶೀರ್.

ಮುಂದೆ ಮೀನು ಕಡಿಮೆಯಾಯಿತು. ಸಿಡಿಮದ್ದು ಹಾಕಿ ಹಿಡಿಯುವವರು ಹೆಚ್ಚಿದರು. ಆಗ ಒಳ್ಳೆಯ ಮನಸ್ಸಿನಿಂದಲೇ ಒಂದು ಉಪಾಯ ನಡೆಯಿತು. ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿ ಸಾಕುತ್ತಿದ್ದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ತಂದು 1970ರ ದಶಕದಿಂದೀಚೆಗೆ ಕಾವೇರಿಗೆ ಬಿಟ್ಟರು.

ಈ ನೀಲಿ ರೆಕ್ಕೆಯ ಮೀನು ನಮ್ಮ ಕಡೆಯದೇ. 1839ರಲ್ಲಿ ಕರ್ನಲ್ ಸೈಕ್ಸ್ ಇದನ್ನು ಮೊದಲು ವರ್ಣಿಸಿದ್ದು ಪುಣೆಯ ಮುಳಾ–ಮುಠಾ ನದಿಯಿಂದ. ಆ ನದಿ ಸೇರುವುದು ಭೀಮೆಯನ್ನು. ಅದೇ ಭೀಮೆ ಮುಂದೆ ಅಫಜಲಪುರ ತಾಲ್ಲೂಕಿನಲ್ಲಿ ಹರಿಯುತ್ತಾಳೆ.

ಮರಿ ಬಿಟ್ಟದ್ದರ ಫಲವೇನು? ಹೇಳಿದ್ದು ಗಾಲಿಬೋರೆಯ ಆ ಲೆಕ್ಕದ ಪುಸ್ತಕವೇ. 1998ರಿಂದ 2012ರವರೆಗೆ ಅಲ್ಲಿ ಹಿಡಿದು ಬಿಟ್ಟ 6161 ಮಹಶೀರ್‌ಗಳ ವಿವರವನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದ ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ಸಿಗುವ ಮೀನಿನ ಸಂಖ್ಯೆ ಏರಿತ್ತು, ಎಲ್ಲರೂ ಸಂತೋಷಪಡಬೇಕಿತ್ತು. ಆದರೆ ಏರಿದ್ದು ನೀಲಿ ರೆಕ್ಕೆಯದು. ಡುಬ್ಬದ ಮಹಶೀರ್ ಕಾಣುವುದೇ ಅಪರೂಪವಾಗಿತ್ತು. ಒಟ್ಟು ಸಂಖ್ಯೆಯನ್ನಷ್ಟೇ ನೋಡಿದ್ದರೆ ಈ ನಷ್ಟ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ವಿಚಿತ್ರವೆಂದರೆ, ಆವರೆಗೆ ಅದಕ್ಕೊಂದು ಸರಿಯಾದ ಶಾಸ್ತ್ರೀಯ ಹೆಸರೂ ಗಟ್ಟಿಯಾಗಿರಲಿಲ್ಲ. 2018ರಲ್ಲಿ ಅದು ‘ಟಾರ್ ರೆಮದೇವಿ’ ಎಂದು ಗುರುತಾಯಿತು. ಅದೇ ವರ್ಷ ಅಳಿವಿನ ಅಂಚಿನ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಗೂ ಸೇರಿತು. ಹೆಸರು ಸಿಕ್ಕಿದ್ದು ಕಣ್ಮರೆಯಾಗುವ ಹೊತ್ತಿಗೆ!

ಅಷ್ಟರಲ್ಲಿ ಬಿಡಾರಗಳ ಗಾಳವೂ ನಿಂತಿತ್ತು. ಅಭಯಾರಣ್ಯದಲ್ಲಿ ಮೀನಿಗೆ ಗಾಳ ಹಾಕುವುದೂ ಬೇಟೆಯೇ ಎಂಬುದು ಕಾನೂನಿನ ನಿಲುವು. ತಾವು ದಡದಲ್ಲಿದ್ದರೆ ಕಳ್ಳರು ಹೆದರುತ್ತಿದ್ದರು ಎಂಬುದು ಹವ್ಯಾಸಿಗಳ ವಾದ. ಎರಡರಲ್ಲೂ ತಿರುಳಿದೆ.

ಮೋಜಿಗೆ ಬಂದವರು ದಿನವೂ ತಪ್ಪದೆ ಬರೆದಿಟ್ಟದ್ದು ಕೊನೆಗೆ ಒಂದು ಮೀನಿನ ಪರ ಸಾಕ್ಷಿಯಾಯಿತು. ಭೀಮೆಯ ದಡದ ಶಾಲೆಗಳಲ್ಲೂ ಇಂಥದೊಂದು ಪುಸ್ತಕ ಇಡಬಹುದು. ಈ ವರ್ಷ ಯಾವ ಮೀನು ಬಂತು, ಯಾವುದು ಬರಲಿಲ್ಲ ಎಂದು ಮಕ್ಕಳು ಬೆಸ್ತರನ್ನು ಕೇಳಿ ಬರೆಯಲಿ. ಅದಕ್ಕೆ ಗಾಳವೂ ಬೇಡ.