ಕರುಳಿನ ಕ್ಯಾನ್ಸರ್: ರಕ್ತದ ದೋಷವೇ, ಊಟದ ದೋಷವೇ?

ಅಮೇರಿಕದಲ್ಲಿ ದೊಡ್ಡಕರುಳು ಹಾಗೂ ಗುದನಾಳದ ಕ್ಯಾನ್ಸರ್ ಬಿಳಿಯರಿಗಿಂತ ಕಪ್ಪು ವರ್ಣೀಯರನ್ನು ಹೆಚ್ಚಾಗಿ ಪೀಡಿಸುತ್ತದೆ. ಅದರಿಂದ ಸಾಯುವವರ ಪ್ರಮಾಣವೂ ಅವರಲ್ಲಿಯೇ ಅಧಿಕ. 2020ರ ಆಗಸ್ಟ್ ತಿಂಗಳಲ್ಲಿ ಪ್ರಸಿದ್ಧ ಚಿತ್ರನಟ ಚಾಡ್ವಿಕ್ ಬೋಸ್‌ಮನ್ ತನ್ನ 43ನೆಯ ವಯಸ್ಸಿನಲ್ಲಿ ಈ ರೋಗಕ್ಕೆ ಬಲಿಯಾದಾಗ ಅನೇಕರ ಗಮನ ಇತ್ತ ಹರಿಯಿತು. ಇದು ಆ ಜನರ ರಕ್ತದಲ್ಲಿಯೇ ಬಂದದ್ದು ಎಂದು ಹೇಳಿ ಸುಮ್ಮನಾಗುವುದು ಸುಲಭ. ಹುಟ್ಟನ್ನು ನೋಡಿ ಹಣೆಬರಹ ಹೇಳುವ ಈ ಬಗೆಯ ವಾದ ಶರಣರ ಅನುಯಾಯಿಗಳಾದ ನಮಗೆ ಹೊಸದೇನಲ್ಲ. ಆದರೆ ಆಫ್ರಿಕದ ಹಳ್ಳಿಗಳೇ ಈ ವಾದವನ್ನು ಅಲ್ಲಗಳೆಯುತ್ತವೆ.

ಉಗಾಂಡದಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದ ಐರ್ಲೆಂಡಿನ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ ಅವರು, ಹಳ್ಳಿಗಾಡಿನ ಆಫ್ರಿಕನ್ನರಲ್ಲಿ ಈ ಕ್ಯಾನ್ಸರ್ ಅತಿ ವಿರಳವೆಂಬುದನ್ನು ಗುರುತಿಸಿದರು. ನಾರು ತುಂಬಿದ ಆಹಾರವೇ ಇದಕ್ಕೆ ಕಾರಣವಿರಬೇಕೆಂದು 1971ರಲ್ಲಿ ಬರೆದರು. ಆ ಊಹೆಯನ್ನು ಒರೆಗೆ ಹಚ್ಚಿದ ಸೊಗಸಾದ ಪ್ರಯೋಗವೊಂದು 2015ರಲ್ಲಿ ಪ್ರಕಟವಾಯಿತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸ್ಟೀಫನ್ ಓಕೀಫ್ ಮತ್ತು ಸಂಗಡಿಗರು 20 ಮಂದಿ ಆಫ್ರಿಕನ್ ಅಮೇರಿಕನ್ನರನ್ನೂ ದಕ್ಷಿಣ ಆಫ್ರಿಕದ 20 ಮಂದಿ ಗ್ರಾಮೀಣರನ್ನೂ ಆರಿಸಿಕೊಂಡರು. ಇಬ್ಬರ ಪೂರ್ವಜರೂ ಆಫ್ರಿಕದವರೇ. ಆದರೂ ಅಂದಿನ ಲೆಕ್ಕದಂತೆ ಮೊದಲನೆಯವರಲ್ಲಿ ಲಕ್ಷಕ್ಕೆ ಸುಮಾರು 65 ಜನರಿಗೆ ಈ ಕ್ಯಾನ್ಸರ್ ಬರುತ್ತಿದ್ದರೆ, ಎರಡನೆಯವರಲ್ಲಿ 5ಕ್ಕೂ ಕಡಿಮೆ.

ಎರಡು ವಾರಗಳ ಕಾಲ ಇವರ ಊಟವನ್ನು ಅದಲುಬದಲು ಮಾಡಲಾಯಿತು. ಅಮೇರಿಕನ್ನರಿಗೆ ಮೆಕ್ಕೆಜೋಳ, ಕಾಳುಗಳು ಪ್ರಧಾನವಾದ ಊಟ; ದಿನಕ್ಕೆ 14 ಗ್ರಾಂ ಇದ್ದ ನಾರು 55 ಗ್ರಾಮಿಗೇರಿತು. ಹಳ್ಳಿಯವರಿಗೆ ಮಾಂಸ, ಕೊಬ್ಬು, ಕರಿದ ತಿನಿಸು. ಅವರ ನಾರು 66ರಿಂದ 12 ಗ್ರಾಮಿಗಿಳಿಯಿತು.

ನಾರನ್ನು ನಾವು ಜೀರ್ಣಿಸಿಕೊಳ್ಳಲಾರೆವು. ಅದು ದೊಡ್ಡಕರುಳನ್ನು ಮುಟ್ಟಿದಾಗ ಅಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು ಹುದುಗಿಸಿ ಬ್ಯುಟಿರೇಟ್ ಎಂಬ ವಸ್ತುವನ್ನು ತಯಾರಿಸುತ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಇದೇ ಮುಖ್ಯ ಆಹಾರ. ಉರಿಯೂತವನ್ನು ತಡೆಯುವ ಗುಣವೂ ಇದಕ್ಕುಂಟು. ಕೊಬ್ಬು ಹೆಚ್ಚಾದರೆ ಪಿತ್ತರಸ ಹೆಚ್ಚು ಸ್ರವಿಸುತ್ತದೆ. ದೊಡ್ಡಕರುಳಿಗೆ ಜಾರಿದ ಪಿತ್ತಾಮ್ಲವನ್ನು ಬೇರೆ ಬ್ಯಾಕ್ಟೀರಿಯಾಗಳು ಒಳಪದರಕ್ಕೆ ಹಾನಿ ಮಾಡುವ ರೂಪಕ್ಕೆ ತಿರುಗಿಸುತ್ತವೆ. ಎರಡು ವಾರ ಮುಗಿಯುವಷ್ಟರಲ್ಲಿ ಅಮೇರಿಕನ್ನರ ಬ್ಯುಟಿರೇಟ್ ಎರಡೂವರೆ ಪಟ್ಟು ಹೆಚ್ಚಿ, ಹಾನಿಕರ ಪಿತ್ತಾಮ್ಲ ಶೇಕಡಾ 70ರಷ್ಟು ಇಳಿದಿತ್ತು. ಹಳ್ಳಿಯವರಲ್ಲಿ ಬ್ಯುಟಿರೇಟ್ ಅರ್ಧಕ್ಕಿಳಿದು, ಪಿತ್ತಾಮ್ಲ ಏರಿತ್ತು. ಇಲ್ಲಿ ಅಳೆದದ್ದು ಅಪಾಯದ ಸೂಚನೆಗಳನ್ನೇ ಹೊರತು ಕ್ಯಾನ್ಸರನ್ನಲ್ಲ ಎಂಬುದನ್ನು ಮರೆಯಬಾರದು. ಆದರೂ ಎರಡೇ ವಾರದಲ್ಲಿ ಇಷ್ಟು!

ಊಟವೊಂದೇ ಕಾರಣವೆಂದರೂ ತಪ್ಪಾದೀತು. ಅಮೇರಿಕದ ಡೆಲವೇರ್ ರಾಜ್ಯವು 2002ರಿಂದ ವಿಮೆಯಿಲ್ಲದವರಿಗೆ ಉಚಿತ ತಪಾಸಣೆ, ಚಿಕಿತ್ಸೆಗಳನ್ನು ಏರ್ಪಡಿಸಿ, ದಾರಿ ತೋರಿಸಲು ದಾದಿಯರನ್ನೂ ನೇಮಿಸಿತು. 2009ರ ಹೊತ್ತಿಗೆ ತಪಾಸಣೆಗೊಳಗಾದ ಕಪ್ಪು ವರ್ಣೀಯರು ಶೇಕಡಾ 48ರಿಂದ 74ಕ್ಕೇರಿದರು. ಅವರಲ್ಲಿ ಸಾವಿನ ಪ್ರಮಾಣ ಶೇಕಡಾ 42ರಷ್ಟು ತಗ್ಗಿತು. ಅಷ್ಟು ವರ್ಷಗಳಲ್ಲಿ ಯಾರ ವಂಶವಾಹಿಯೂ ಬದಲಾಗಿರಲಿಲ್ಲ.

ಹಾಗೆಂದು ಅನುವಂಶೀಯತೆ ಸುಳ್ಳಲ್ಲ. ಲಿಂಚ್ ಸಿಂಡ್ರೋಮ್ ಮುಂತಾದ ವಂಶಪಾರಂಪರ್ಯ ದೋಷಗಳಿಂದ ಈ ಕ್ಯಾನ್ಸರ್ ಬರುವುದುಂಟು. ಅದು ಎಲ್ಲ ವರ್ಣದವರಲ್ಲೂ ಕಂಡುಬರುತ್ತದೆ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ರೋಗವಿದ್ದರೆ 40ನೆಯ ವಯಸ್ಸಿಗೆ, ಇಲ್ಲವೇ ಅವರಿಗೆ ರೋಗ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮುಂಚೆಯೋ ಆಗ ಕೊಲೊನೋಸ್ಕೋಪಿ ಮಾಡಿಸಿಕೊಳ್ಳಬೇಕೆಂಬುದು ತಜ್ಞರ ಸಲಹೆ.

ನಾವು ಸಸ್ಯಾಹಾರಿಗಳು, ನಮಗೇನು ಚಿಂತೆ ಎಂದು ಕೆಲವು ಬಂಧುಗಳು ಕೇಳಬಹುದು. ಮಾಂಸವಿಲ್ಲವೆಂದ ಮಾತ್ರಕ್ಕೆ ಊಟದಲ್ಲಿ ನಾರು ಇದ್ದೇ ಇದೆ ಎಂದಾಗದು. ಜೋಳದ ರೊಟ್ಟಿ, ಕಾಳುಪಲ್ಲೆ, ಸೊಪ್ಪು, ಹಸಿ ತರಕಾರಿಗಳ ಊಟ ಆ ಆಫ್ರಿಕದ ಹಳ್ಳಿಯ ಊಟಕ್ಕೆ ಹತ್ತಿರವಾದದ್ದು; ಪಾಲಿಶ್ ಮಾಡಿದ ಅಕ್ಕಿಯ ಅನ್ನ, ಮೈದಾದ ಬ್ರೆಡ್ಡು, ಕರಿದ ತಿಂಡಿ ಅದಕ್ಕೆ ದೂರ. ಅಭ್ಯಾಸ ತಪ್ಪಿದವರು ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸೀತು. ಕ್ರಮೇಣ ಹೆಚ್ಚಿಸಿ, ನೀರನ್ನೂ ಸಾಕಷ್ಟು ಕುಡಿಯಬೇಕು. ಮಲದಲ್ಲಿ ರಕ್ತ, ವಿಸರ್ಜನೆಯ ಕ್ರಮದಲ್ಲಿ ಬದಲಾವಣೆ, ಕಾರಣವಿಲ್ಲದೆ ತೂಕ ಇಳಿಯುವಿಕೆ, ರಕ್ತಹೀನತೆ ಕಂಡಾಗ ಮೂಲವ್ಯಾಧಿಯೆಂದು ತಾವೇ ನಿರ್ಧರಿಸಿ ಮುಚ್ಚಿಟ್ಟುಕೊಳ್ಳದೆ, ಸಂಕೋಚ ತೊರೆದು ವೈದ್ಯರನ್ನು ಕಾಣಬೇಕು.