ಪದಸಂಪತ್ತು ಮತ್ತು ವ್ಯವಹಾರದ ಇಂಗ್ಲಿಷು

‘ವ್ಯವಹಾರ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಪೇಟೆಯ ಕೊಡುಕೊಳ್ಳುವಿಕೆ ಎಂಬುದು ಲೋಕಪ್ರಸಿದ್ಧವಾದ ಅರ್ಥ. ಮಾತಿನ ಬಳಕೆ ಎಂಬುದು ಶಾಸ್ತ್ರಪ್ರಸಿದ್ಧವಾದ ಅರ್ಥ. ಹಿರಿಯನೊಬ್ಬನು ‘ಹಸುವನ್ನು ತಾ’ ಎನ್ನುವನು, ಮತ್ತೊಬ್ಬನು ಹಸುವನ್ನು ತರುವನು. ಬಳಿಕ ‘ಹಸುವನ್ನು ಕಟ್ಟು’, ‘ಕುದುರೆಯನ್ನು ತಾ’ ಎಂಬ ಮಾತುಗಳು ಬರುವುವು. ಬದಿಯಲ್ಲಿ ಕುಳಿತ ಮಗುವು ಮಾತನ್ನೂ ಕೃತಿಯನ್ನೂ ಕೂಡಿಸಿ ನೋಡಿ, ಯಾವ ಶಬ್ದಕ್ಕೆ ಯಾವ ಅರ್ಥವೆಂಬುದನ್ನು ತಾನಾಗಿಯೇ ತಿಳಿದುಕೊಳ್ಳುವುದು. ಇದಕ್ಕೆ ವೃದ್ಧವ್ಯವಹಾರವೆಂದು ಹೆಸರು. ಶಬ್ದಾರ್ಥವನ್ನು ತಿಳಿಯುವ ಮಾರ್ಗಗಳೆಂದು ನಮ್ಮ ಶಾಸ್ತ್ರಕಾರರು ವ್ಯಾಕರಣ, ಉಪಮಾನ, ಕೋಶ, ಆಪ್ತವಾಕ್ಯ, ವ್ಯವಹಾರ, ವಾಕ್ಯಶೇಷ, ವಿವರಣೆ, ಸಿದ್ಧಪದಸಾನ್ನಿಧ್ಯ ಎಂಬ ಎಂಟನ್ನು ಎಣಿಸಿರುವರು. ಕೋಶವು ಈ ಎಂಟರಲ್ಲಿ ಒಂದು ಮಾತ್ರ ಎಂಬುದನ್ನು ಗಮನಿಸಬೇಕು.

ಕನ್ನಡ ಮಾಧ್ಯಮದಲ್ಲಿ ಓದಿದ ತರುಣನು ಬ್ಯಾಂಕಿಗೋ ಕಾರ್ಖಾನೆಗೋ ಮನೆಯ ವ್ಯಾಪಾರಕ್ಕೋ ಸೇರಿದಾಗ ಅವನಿಗೆ ಎದುರಾಗುವ ಮೊದಲ ಅಡ್ಡಿ ಇಂಗ್ಲಿಷು. ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದವನೂ ದೂರವಾಣಿಯಲ್ಲಿ ನಾಲ್ಕು ವಾಕ್ಯಗಳನ್ನಾಡಲು ತಡವರಿಸುವನು. ತಿಳಿದ ವಿಷಯವನ್ನು ಸಭೆಯಲ್ಲಿ ಹೇಳಲಾರದೆ ಸುಮ್ಮನೆ ಕುಳಿತು, ತನಗಿಂತ ಕಡಿಮೆ ತಿಳಿದವರ ಮಾತು ನಡೆಯುವುದನ್ನು ನೋಡುವನು. ಪದಗಳ ಕೊರತೆಯೇ ಇದಕ್ಕೆ ಕಾರಣವೆಂದು ಬಗೆದು, ದಿನಕ್ಕೆ ಹತ್ತರಂತೆ ನಿಘಂಟಿನ ಪದಗಳನ್ನು ಕಂಠಪಾಠ ಮಾಡತೊಡಗುವನು. ಎಂಟು ಮಾರ್ಗಗಳಿರುವಲ್ಲಿ ಒಂದನ್ನೇ ಹಿಡಿದವನಿಗೆ ಊರು ಸೇರುವುದು ತಡವಾಗುವುದು ಸಹಜ.

ಎಷ್ಟು ಪದಗಳು ಬೇಕು ಎಂಬ ಪ್ರಶ್ನೆಯನ್ನು ವಿದ್ವಾಂಸರು ಬಹಳ ಹಿಂದೆಯೇ ಎತ್ತಿರುವರು. ಸಿ. ಕೆ. ಆಗ್ಡೆನ್ ಅವರು 1930ರಲ್ಲಿ 850 ಪದಗಳ ‘ಬೇಸಿಕ್ ಇಂಗ್ಲಿಷ್’ ಎಂಬುದನ್ನು ರೂಪಿಸಿದರು. ಅಂದಿನ ಬಂಗಾಳದ ಢಾಕಾದಲ್ಲಿ ಶಿಕ್ಷಣ ಇಲಾಖೆಯ ಸೇವೆಯಲ್ಲಿದ್ದ ಮೈಕೆಲ್ ವೆಸ್ಟ್ ಅವರು ಭಾರತೀಯ ಮಕ್ಕಳ ಕಷ್ಟವನ್ನು ಕಣ್ಣಾರೆ ಕಂಡು, ಪರಿಮಿತ ಪದಗಳ ವಾಚಕಗಳನ್ನು ರಚಿಸಿದರು. 1953ರಲ್ಲಿ ಅವರು ಹೊರತಂದ ಪಟ್ಟಿಯಲ್ಲಿ ಸುಮಾರು 2000 ಮೂಲಪದಗಳಿವೆ. ಸಾಮಾನ್ಯ ಇಂಗ್ಲಿಷು ಬರಹದ ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲು ಇಂತಹ ಪದಗಳಿಂದಲೇ ಆಗಿರುವುದು. ಜಪಾನಿನಲ್ಲಿ ಪಾಠ ಹೇಳುತ್ತಿದ್ದ ಎ. ಎಸ್. ಹಾರ್ನ್‌ಬಿ ಮತ್ತು ಅವರ ಸಂಗಡಿಗರು ಸಿದ್ಧಪಡಿಸಿದ ಕೋಶವು 1942ರಲ್ಲಿ ಟೋಕಿಯೋದಲ್ಲಿ ಪ್ರಕಟವಾಗಿ, 1948ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯದ ಮೂಲಕ ಲೋಕಕ್ಕೆಲ್ಲ ಪರಿಚಯವಾಯಿತು. ಪದದ ಅರ್ಥದೊಂದಿಗೆ ಅದನ್ನು ವಾಕ್ಯದಲ್ಲಿ ಕೂರಿಸುವ ಬಗೆಯನ್ನೂ ತೋರಿಸಿದ್ದು ಅದರ ಹೆಚ್ಚಳ. ಆದಕಾರಣ ಅಪರೂಪದ ಪದಗಳ ಬೆನ್ನುಹತ್ತುವುದಕ್ಕೆ ಮೊದಲು ಈ ಎರಡು ಸಾವಿರ ಪದಗಳು ನಾಲಗೆಯ ತುದಿಯಲ್ಲಿರಬೇಕು.

ಅನಂತರ ಬರುವುದು ವೃತ್ತಿಯ ಪದಗಳು. ಇವನ್ನು ಅಕಾರಾದಿಯಾಗಿ ಕಲಿಯುವುದಕ್ಕಿಂತ ವರ್ಗವರ್ಗವಾಗಿ ಕಲಿಯುವುದು ಲೇಸು. ಅಮರಸಿಂಹನು ತನ್ನ ಕೋಶವನ್ನು ಹಾಗೆಯೇ ರಚಿಸಿದನು. ಅದರ ದ್ವಿತೀಯ ಕಾಂಡದ ವೈಶ್ಯವರ್ಗದಲ್ಲಿ ಕೃಷಿ, ಮೂಲಧನ, ಲಾಭ, ತೂಕ, ಅಳತೆಗಳಿಗೆ ಸಂಬಂಧಿಸಿದ ಪದಗಳೆಲ್ಲ ಒಂದೆಡೆ ಕೂಡಿವೆ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದ ಮನೆತನದ ವಿದ್ಯಾರ್ಥಿಯೊಬ್ಬನು ಪರದೇಶದ ಗಿರಾಕಿಗೆ ಪತ್ರ ಬರೆಯಬೇಕಾಗಿದೆ ಎಂದು ಭಾವಿಸೋಣ. ಕಡಿಮೆ ಖಾರಕ್ಕೂ ಕಡುಗೆಂಪು ಬಣ್ಣಕ್ಕೂ ಹೆಸರಾಗಿ, 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಮಾಲು ಅದು. ಮಾಲಿನ ಗುಣಕ್ಕೆ ‘ಗ್ರೇಡ್’, ‘ಸ್ಯಾಂಪಲ್’, ‘ಮಾಯಿಶ್ಚರ್’; ಬೆಲೆಗೆ ‘ಕೋಟೇಷನ್’, ‘ಡಿಸ್ಕೌಂಟ್’, ‘ಅಡ್ವಾನ್ಸ್’; ಸಾಗಣೆಗೆ ‘ಕನ್‌ಸೈನ್‌ಮೆಂಟ್’, ‘ಫ್ರೈಟ್’, ‘ಡೆಲಿವರಿ’; ತಕರಾರಿಗೆ ‘ಶಾರ್ಟೇಜ್’, ‘ಕ್ಲೇಮ್’, ‘ರೀಪ್ಲೇಸ್‌ಮೆಂಟ್’ – ಹೀಗೆ ನಾಲ್ಕು ವರ್ಗಗಳನ್ನು ಮಾಡಿಕೊಂಡರೆ ಕೆಲಸದ ಕ್ರಮವೇ ನೆನಪಿನ ಕ್ರಮವಾಗುವುದು. ನಮ್ಮ ಹಿರಿಯ ವರ್ತಕರು ಜಮಾ, ಖರ್ಚು, ಬಾಕಿ, ವಸೂಲಿ, ರಸೀದಿ ಎಂಬ ಅರಬ್ಬಿ-ಪಾರಸಿ ಮೂಲದ ಮಾತುಗಳನ್ನು ಕನ್ನಡದ್ದನ್ನಾಗಿಸಿಕೊಂಡದ್ದು ನಿಘಂಟನ್ನು ತೆರೆದಲ್ಲ. ಗಾದಿಯ ಮೇಲೆ ಕುಳಿತು, ಲೆಕ್ಕ ಬರೆಯುತ್ತ.

ವ್ಯಾಕರಣವು ಇನ್ನೊಂದು ಮಾರ್ಗ. ಉಪಸರ್ಗವು ಬದಲಾದಂತೆ ಒಂದೇ ಧಾತುವು ಆಹಾರ, ವಿಹಾರ, ಸಂಹಾರ, ಪರಿಹಾರ ಎಂದು ಬೇರೆ ಬೇರೆ ಅರ್ಥಗಳನ್ನು ತಾಳುವುದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಹೊರುವುದು ಎಂಬರ್ಥದ ಲ್ಯಾಟಿನ್ ಧಾತುವೊಂದರಿಂದಲೇ ‘ಇಂಪೋರ್ಟ್’, ‘ಎಕ್ಸ್‌ಪೋರ್ಟ್’, ‘ಟ್ರಾನ್ಸ್‌ಪೋರ್ಟ್’, ‘ರಿಪೋರ್ಟ್’ ಎಂಬ ಪದಗಳು ಹುಟ್ಟಿವೆ ಎಂದು ತಿಳಿಸಿದರೆ ನಾಲ್ಕು ಪದಗಳ ಭಾರವು ಒಂದಕ್ಕೆ ಇಳಿಯುವುದು. ಇಂಗ್ಲಿಷಿನಲ್ಲಿ ಕ್ರಿಯಾಪದದ ಮುಂದೆ ಬಂದು ಕುಳಿತು ಅರ್ಥವನ್ನು ತಿರುಗಿಸುವ ಕಿರುಪದಗಳೂ ಉಂಟು. ‘ಲುಕ್ ಆಫ್ಟರ್’ ಎಂದರೆ ಪಾಲಿಸು, ‘ಲುಕ್ ಇಂಟು’ ಎಂದರೆ ವಿಚಾರಿಸು, ‘ಲುಕ್ ಫಾರ್ವರ್ಡ್ ಟು’ ಎಂದರೆ ಸಂತೋಷದಿಂದ ಎದುರುನೋಡು. ಇವನ್ನು ಬಿಡಿಸಿ ಅರ್ಥ ಮಾಡದೆ, ಇಡಿಯಾಗಿ ಒಂದೇ ಪದವೆಂದು ಕಲಿಯಬೇಕು.

ಯಾವ ಪದವೂ ಒಂಟಿಯಾಗಿ ಬಾಳುವುದಿಲ್ಲ. ಕನ್ನಡದಲ್ಲಿ ಸಾಲವನ್ನು ‘ಮಾಡುವರು’, ‘ತೀರಿಸುವರು’, ವ್ಯಾಪಾರವು ‘ಕುದುರುವುದು’, ಬೆಲೆಯು ‘ಏರುವುದು’. ಇಂಗ್ಲಿಷಿನಲ್ಲಿಯೂ ಆರ್ಡರನ್ನು ‘ಪ್ಲೇಸ್’ ಮಾಡುವರು, ಬಿಲ್ಲನ್ನು ‘ಸೆಟಲ್’ ಮಾಡುವರು, ಗೊತ್ತಾದ ಗಡುವನ್ನು ‘ಮೀಟ್’ ಮಾಡುವರು. ಸಿದ್ಧಪದಸಾನ್ನಿಧ್ಯವೆಂಬ ಮಾರ್ಗವು ತಿಳಿದ ಪದದ ನೆರೆಯಲ್ಲಿರುವ ಪದವನ್ನು ತಿಳಿಸಿಕೊಡುವಂತಹುದು. ಆ ನೆರೆಯನ್ನು ತಪ್ಪಿಸಿದರೆ ಶಬ್ದವು ಸರಿಯಾಗಿದ್ದರೂ ವಾಕ್ಯವು ಕುಂಟುವುದು. ‘ವಿಷಯದ ಬಗ್ಗೆ ಚರ್ಚಿಸು’ ಎಂಬ ಕನ್ನಡದ ಅಭ್ಯಾಸದಿಂದ ‘ಡಿಸ್ಕಸ್ ಅಬೌಟ್’ ಎಂದು ಬರೆಯುವವರು ಹಲವರು. ಅಲ್ಲಿ ‘ಅಬೌಟ್’ ಬೇಡ.

ಇವೆಲ್ಲ ಕಿವಿಗೆ ಕರ್ಕಶವಾದ ತಪ್ಪುಗಳು ಮಾತ್ರ. ವ್ಯವಹಾರವನ್ನೇ ಕೆಡಿಸುವ ತಪ್ಪುಗಳು ಬೇರೆ ಉಂಟು. ‘ನನಗೊಂದು ಸಂದೇಹವಿದೆ’ ಎಂದು ವಿದ್ಯಾರ್ಥಿಯು ಗುರುವನ್ನು ಕೇಳುವುದು ನಮ್ಮಲ್ಲಿ ವಿನಯದ ಮಾತು. ಅದೇ ಭಾವದಿಂದ ನಮ್ಮ ತರುಣನು ಗಿರಾಕಿಗೆ ‘ವಿ ಹ್ಯಾವ್ ಎ ಡೌಟ್ ಅಬೌಟ್ ಯುವರ್ ಪೇಮೆಂಟ್’ ಎಂದು ಬರೆಯುವನು. ಹಣವು ಯಾವ ತಾರೀಖಿಗೆ, ಯಾವ ಬ್ಯಾಂಕಿನ ಮೂಲಕ ಬರುವುದೆಂದು ಕೇಳುವುದಷ್ಟೇ ಅವನ ಉದ್ದೇಶ. ಓದಿದ ಗಿರಾಕಿಗಾದರೋ ‘ನೀವು ಹಣ ಕೊಡುವಿರೆಂಬ ನಂಬಿಕೆ ನಮಗಿಲ್ಲ’ ಎಂದು ತೋರುವುದು. ‘ಕುಡ್ ಯು ಪ್ಲೀಸ್ ಕ್ಲಾರಿಫೈ’ ಎಂದು ಆರಂಭಿಸಿದ್ದರೆ ಆ ನೋವು ಉಂಟಾಗುತ್ತಿರಲಿಲ್ಲ.

ಗೌರವದ ವಿಷಯವೂ ಹೀಗೆಯೇ. ಕನ್ನಡದಲ್ಲಿ ಮರ್ಯಾದೆಯು ಕ್ರಿಯಾಪದದಲ್ಲಿಯೇ ಅಡಗಿರುವುದು. ‘ನಾಳೆ ಕಳುಹಿಸಿಕೊಡಿ’ ಎಂದರೆ ಸಾಕು, ಹಿರಿಯರಿಗೆ ಸಲ್ಲುವ ಗೌರವವು ಸಂದಿತು. ಇಂಗ್ಲಿಷಿನ ‘ಯು’ ಎಂಬುದಕ್ಕಾದರೋ ನೀನು, ನೀವು, ತಾವು ಎಂಬ ಭೇದವಿಲ್ಲ. ‘ಸೆಂಡ್ ಇಟ್ ಟುಮಾರೋ’ ಎಂದು ಅನುವಾದಿಸಿದೊಡನೆ ಬಹುವಚನದ ಮರ್ಯಾದೆಯು ಕಳಚಿ ಬಿದ್ದು, ಅಪ್ಪಣೆ ಮಾತ್ರ ಉಳಿಯುವುದು. ಕಳೆದುಹೋದ ಆ ಮರ್ಯಾದೆಯನ್ನು ‘ಕುಡ್ ಯು’, ‘ವುಡ್ ಇಟ್ ಬಿ ಪಾಸಿಬಲ್’ ಎಂಬ ನುಡಿಗಟ್ಟುಗಳಿಂದ ಮರಳಿ ತುಂಬಬೇಕಾಗುವುದು. ‘ಆಗುವುದಿಲ್ಲ’ ಎನ್ನಬೇಕಾದಲ್ಲಿ ‘ಐ ಆಮ್ ಅಫ್ರೇಡ್’ ಎಂದು ಮೊದಲುಮಾಡುವುದು ಅವರ ರೂಢಿ; ಅಲ್ಲಿ ಭಯದ ಪ್ರಸಕ್ತಿಯೇ ಇಲ್ಲ. ವಿನಯಶೀಲನಾದ ಹುಡುಗನು ಪದಗಳ ಬಳಕೆ ತಿಳಿಯದ ಮಾತ್ರಕ್ಕೆ ಉದ್ಧಟನೆನಿಸಿಕೊಳ್ಳುವುದು ಎಂತಹ ನಷ್ಟ!

ನಮ್ಮ ಕಚೇರಿಗಳಲ್ಲಿ ಬೆಳೆದು ಬಂದ ಇಂಗ್ಲಿಷಿನ ಕುರಿತು ಒಂದು ಮಾತು. ‘ಡು ದಿ ನೀಡ್‌ಫುಲ್’ ಎಂಬುದು ಇಂಗ್ಲೆಂಡಿನಲ್ಲಿ ಹಳತಾಗಿ ಮರೆಯಾದರೂ ಇಲ್ಲಿ ಉಳಿದಿದೆ. ‘ಪ್ರೀಪೋನ್’ ಎಂಬುದಕ್ಕೆ ಇಂದಿನ ಕೋಶಗಳೂ ಸ್ಥಾನ ಕೊಟ್ಟಿವೆ. ‘ರಿವರ್ಟ್’ ಎಂದರೆ ನಮ್ಮಲ್ಲಿ ಉತ್ತರಿಸು. ಅನ್ಯರಿಗೆ ಅದು ಹಿಂದಿನ ಸ್ಥಿತಿಗೆ ಮರಳು. ಇವನ್ನು ಹಳಿಯಬೇಕಾಗಿಲ್ಲ, ಓದುವವನು ಯಾರೆಂಬುದನ್ನು ಅರಿತು ಬಳಸಿದರೆ ಸಾಕು.

ಕಲಿತದ್ದು ಉಳಿಯುವ ಬಗೆ ಆವೃತ್ತಿಯೊಂದೇ. ಮರೆವು ಮೊದಲು ತೀವ್ರವಾಗಿ, ಬಳಿಕ ಮಂದವಾಗಿ ನಡೆಯುವುದೆಂದು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅವರು 1885ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಹೊಸ ಪದವನ್ನು ಒಂದು ಪೂರ್ಣ ವಾಕ್ಯದೊಡನೆ ಪುಸ್ತಕದಲ್ಲಿ ಬರೆದು, ಮರುದಿನ, ಮೂರನೆಯ ದಿನ, ವಾರಕ್ಕೆ, ತಿಂಗಳಿಗೆ ಗಟ್ಟಿಯಾಗಿ ಓದಿ, ಸ್ವಂತದ ಒಂದು ವಾಕ್ಯದಲ್ಲಿ ಬಳಸಿದರೆ ಅದು ತನ್ನದಾಗುವುದು.

ಕಡೆಗೆ ಉಳಿಯುವುದು ವೃದ್ಧವ್ಯವಹಾರ. ಅದಕ್ಕೆ ಮಾತನಾಡುವ ಹಿರಿಯರು ಬೇಕು. ಈ ಶಾಲೆಯಿಂದ ಹೊರಟು ಬ್ಯಾಂಕು, ಕಾರ್ಖಾನೆ, ಮಂಡಿ, ಹೊರನಾಡುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳೇ ಆ ಹಿರಿಯರು. ತಿಂಗಳಿಗೊಮ್ಮೆ ಬಂದು ಮೇಲಿನ ತರಗತಿಯ ಮಕ್ಕಳೊಡನೆ ತಮ್ಮ ಕಸುಬಿನ ವಿಷಯವನ್ನು ಇಂಗ್ಲಿಷಿನಲ್ಲಿ ಒಂದು ಗಂಟೆ ಮಾತನಾಡಲಿ. ತಾವು ಬರೆದ, ತಮಗೆ ಬಂದ ಪತ್ರಗಳನ್ನು ಹೆಸರು ತೆಗೆದು ಮಾದರಿಯಾಗಿ ಕೊಡಲಿ. ದಾನಿಗಳು ತರಗತಿಗೆ ನಾಲ್ಕಾದರೂ ಕಲಿಯುವವರ ಕೋಶಗಳನ್ನು ಒದಗಿಸಲಿ. ಉಪಾಧ್ಯಾಯರು ಪದದ ಅರ್ಥವನ್ನು ಕೇಳುವುದರ ಜೊತೆಗೆ ಅದರ ಒಡನಾಡಿ ಪದಗಳನ್ನೂ ಕೇಳಲಿ. ಕನ್ನಡವನ್ನು ಚೆನ್ನಾಗಿ ಬಲ್ಲವನಿಗೆ ಪದಗಳ ನಡೆನುಡಿ ಆಗಲೇ ತಿಳಿದಿರುವುದು. ಹೊಸ ಭಾಷೆಯಲ್ಲಿ ಅದನ್ನು ಗುರುತಿಸುವುದನ್ನು ಕಲಿಸಿದರೆ ಮಿಕ್ಕದ್ದನ್ನು ಅವನೇ ಸಂಪಾದಿಸಿಕೊಳ್ಳುವನು.